ಲ್ಯಾಪ್‌ಟಾಪ್‌ನಿಂದ ಲ್ಯಾಪ್‌ಟಾಪ್‌ಗೆ ಸದ್ದಿನಲ್ಲೇ ಸಂದೇಶ: ವಾಲ್ಯೂಮ್ ಜಾಸ್ತಿ ಮಾಡಿದರೂ ಯಾಕೆ ಕೆಡುತ್ತಿದೆ?

ಸದ್ದುಗಾರ

ಎರಡು ವಾರದಿಂದ ಒಂದೇ ಕೆಲಸದ ಬೆನ್ನು ಬಿದ್ದಿದ್ದೇನೆ. ಒಂದು ಲ್ಯಾಪ್‌ಟಾಪಿನ ಸ್ಪೀಕರ್‌ನಿಂದ ಇನ್ನೊಂದರ ಮೈಕಿಗೆ ಕನ್ನಡದಲ್ಲಿ ಒಂದು ಸಂದೇಶ ಹೋಗಬೇಕು. ವೈಫೈ ಇಲ್ಲ, ಬ್ಲೂಟೂತ್ ಇಲ್ಲ, ಕೇಬಲ್ ಇಲ್ಲ. ನಡುವೆ ಬರೀ ಗಾಳಿ.

ನಾನು ಹಿಡಿದ ದಾರಿ ಸರಳ. ಕಂಪ್ಯೂಟರಿನಲ್ಲಿ ಸಂದೇಶ ಅಂದರೆ ಸೊನ್ನೆ, ಒಂದುಗಳ ಸಾಲು. ಅವು ಒಂದೊಂದೂ ಒಂದು ಬಿಟ್, ಎಂಟು ಬಿಟ್ ಸೇರಿದರೆ ಒಂದು ಬೈಟ್. ಸೊನ್ನೆಗೆ 1200 ಹರ್ಟ್ಸ್ ಸ್ವರ, ಒಂದಕ್ಕೆ 2400 ಹರ್ಟ್ಸ್ ಸ್ವರ. ಒಂದೊಂದು ಬಿಟ್‌ಗೆ 10 ಮಿಲಿಸೆಕೆಂಡ್. ಅಂದರೆ ಸೆಕೆಂಡಿಗೆ 100 ಬಿಟ್. ಪರೀಕ್ಷೆಗೆ ಇಟ್ಟುಕೊಂಡ ಸಂದೇಶ "ನಾಳೆ ಸಿಗೋಣ". ಇದು 28 ಬೈಟ್, 224 ಬಿಟ್. ಕಳಿಸಲು ಎರಡೂಕಾಲು ಸೆಕೆಂಡ್ ಸಾಕು.

ಎರಡೂ ಲ್ಯಾಪ್‌ಟಾಪ್ ಅಕ್ಕಪಕ್ಕ ಇಟ್ಟರೆ ಪ್ರತಿ ಸಲವೂ ಸರಿಯಾಗಿ ಬರುತ್ತದೆ. ಮೂರು ಮೀಟರ್ ದೂರ ಇಟ್ಟರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಸರಿ, ಸದ್ದು ಸಾಲದು ಅಂದುಕೊಂಡು ವಾಲ್ಯೂಮ್ ಪೂರ್ತಿ ಏರಿಸಿದೆ. ಇನ್ನೂ ಕೆಟ್ಟಿತು! ನನಗೆ ತಲೆಬುಡ ತಿಳಿಯದೇ ಹೋಗಿದ್ದು ಇಲ್ಲೇ. ಜೋರಾಗಿ ಹೇಳಿದರೆ ಚೆನ್ನಾಗಿ ಕೇಳಬೇಕು ಅಲ್ವಾ?

ಇನ್ನೊಂದು ಪ್ರಶ್ನೆ. ಒಂದು ಕೋಣೆಯ ಗಾಳಿಯಲ್ಲಿ ಸೆಕೆಂಡಿಗೆ ಗರಿಷ್ಠ ಎಷ್ಟು ಬಿಟ್ ಕಳಿಸಬಹುದು ಎಂದು ಮೊದಲೇ ಲೆಕ್ಕ ಹಾಕುವ ದಾರಿ ಇದೆಯಾ?

ಹಳೆಮೋಡೆಮ್

1200 ಮತ್ತು 2400 ನೋಡಿ ಖುಷಿಯಾಯಿತು. ಕಂಪ್ಯೂಟರ್ ಪ್ರೋಗ್ರಾಂಗಳನ್ನು ಆಡಿಯೋ ಕ್ಯಾಸೆಟ್‌ನಲ್ಲಿ ಉಳಿಸುತ್ತಿದ್ದ ಕಾಲದಲ್ಲಿ ಇದೇ ಜೋಡಿ ಬಳಕೆಯಲ್ಲಿತ್ತು. 1975ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಸೇರಿ ಮಾಡಿದ ಒಪ್ಪಂದ, ಹಾಗಾಗಿ ಅದಕ್ಕೆ ಆ ಊರಿನ ಹೆಸರೇ ಉಳಿಯಿತು. ಸೊನ್ನೆಗೆ 1200 ಹರ್ಟ್ಸ್‌ನ ನಾಲ್ಕು ಅಲೆ, ಒಂದಕ್ಕೆ 2400 ಹರ್ಟ್ಸ್‌ನ ಎಂಟು ಅಲೆ. ಸೆಕೆಂಡಿಗೆ 300 ಬಿಟ್. ನಿಮಗಿಂತ ಮೂರು ಪಟ್ಟು ವೇಗ.

ಕ್ಯಾಸೆಟ್‌ನಲ್ಲಿ ನಡೆದದ್ದು ಕೋಣೆಯಲ್ಲಿ ಯಾಕೆ ನಡೆಯುವುದಿಲ್ಲ? ಕ್ಯಾಸೆಟ್‌ಗೆ ಗೋಡೆಗಳಿಲ್ಲ. ನಿಮ್ಮ ಕೋಣೆಗೆ ಇವೆ.

ಲೆಕ್ಕ ನೋಡಿ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಗೋಡೆಗೆ ಬಡಿದು ಬರುವ ಸದ್ದು ನೇರ ಸದ್ದಿಗಿಂತ 6 ಮೀಟರ್ ಜಾಸ್ತಿ ಸುತ್ತಿದರೆ ಸುಮಾರು 18 ಮಿಲಿಸೆಕೆಂಡ್ ತಡ. ನಿಮ್ಮ ಒಂದು ಬಿಟ್ 10 ಮಿಲಿಸೆಕೆಂಡ್. ಮೊದಲ ಬಿಟ್‌ನ ಮಾರ್ದನಿ ಮೈಕಿಗೆ ತಲುಪುವ ಹೊತ್ತಿಗೆ ಮೂರನೇ ಬಿಟ್ ನಡೆಯುತ್ತಿರುತ್ತದೆ. ಒಂದು ಬಿಟ್ ಇನ್ನೊಂದರ ಮೇಲೆ ಬಿದ್ದು ಎರಡೂ ಕೆಡುತ್ತವೆ. ವಾಲ್ಯೂಮ್ ಏರಿಸಿದರೆ ನೇರ ಸದ್ದೂ ಏರುತ್ತದೆ, ಮಾರ್ದನಿಯೂ ಅಷ್ಟೇ ಏರುತ್ತದೆ. ಅವುಗಳ ಅನುಪಾತ ಒಂದಿಷ್ಟೂ ಬದಲಾಗುವುದಿಲ್ಲ.

ಇನ್ನೂ ಕೆಟ್ಟಿದ್ದು ಯಾಕೆ ಅಂತಲೂ ಊಹಿಸಬಲ್ಲೆ. ಸಣ್ಣ ಸ್ಪೀಕರನ್ನು ಅದರ ಶಕ್ತಿ ಮೀರಿ ಕೂಗಿಸಿದರೆ ಅಲೆಯ ಆಕಾರ ಒಡೆಯುತ್ತದೆ. ಆಗ ಮೂಲ ಸ್ವರದ ಜೊತೆ ಅದರ ಎರಡು ಪಟ್ಟು, ಮೂರು ಪಟ್ಟು ಸ್ವರಗಳೂ ಹುಟ್ಟುತ್ತವೆ. 1200ರ ಎರಡು ಪಟ್ಟು ಎಷ್ಟು? 2400. ನಿಮ್ಮ ಸೊನ್ನೆಯೇ ಒಂದನ್ನು ಹೆರುತ್ತಿದೆ.

1963ರಲ್ಲಿ ಬಂದ ಒತ್ತುಗುಂಡಿ ಫೋನಿನ ಸ್ವರಗಳನ್ನು ನೋಡಿ: 697, 770, 852, 941 ಒಂದು ಗುಂಪು. 1209, 1336, 1477, 1633 ಇನ್ನೊಂದು. ಒಂದು ಗುಂಡಿ ಒತ್ತಿದರೆ ಎರಡೂ ಗುಂಪಿನಿಂದ ಒಂದೊಂದು ಸ್ವರ ಒಟ್ಟಿಗೆ ಹೋಗುತ್ತದೆ. ಇಷ್ಟು ವಿಚಿತ್ರ ಸಂಖ್ಯೆಗಳನ್ನು ಸುಮ್ನೆ ಆರಿಸಿದ್ದಲ್ಲ. ಒಂದರ ಮಡಿಕೆ, ಅಂದರೆ ಅದರ ಎರಡು ಪಟ್ಟು, ಮೂರು ಪಟ್ಟು ಸ್ವರ, ಇನ್ನೊಂದರ ಮೇಲೆ ಬೀಳಬಾರದು ಎಂದು ಎಚ್ಚರಿಕೆಯಿಂದ ಹುಡುಕಿದ್ದು.

ಎಂಟನೇಬಿಟ್

ಮಾರ್ದನಿಯ ವಿಷಯ ಒಪ್ಪಿದೆ. ನನಗೆ ಕಣ್ಣಿಗೆ ಬಿದ್ದದ್ದು ಬೇರೆ. ಹತ್ತು ಚಿಹ್ನೆಗಳ ಸಂದೇಶಕ್ಕೆ 224 ಬಿಟ್ ಯಾಕೆ?

"ನಾಳೆ ಸಿಗೋಣ" ಎಂದರೆ ಕಂಪ್ಯೂಟರ್ ಲೆಕ್ಕದಲ್ಲಿ ನ, ಆ-ಕಾರ, ಳ, ಎ-ಕಾರ, ಖಾಲಿ ಜಾಗ, ಸ, ಇ-ಕಾರ, ಗ, ಓ-ಕಾರ, ಣ. ಒಟ್ಟು ಹತ್ತು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಆ ಮೂರು ಬೈಟನ್ನು ಬಿಚ್ಚಿ ನೋಡಿ. ಕನ್ನಡದ ಯಾವ ಚಿಹ್ನೆಯಾದರೂ ಮೊದಲ ಬೈಟ್ ಒಂದೇ, ಎಂದೂ ಬದಲಾಗುವುದಿಲ್ಲ. ಎರಡನೇ ಬೈಟ್‌ಗೆ ಇರುವುದು ಎರಡೇ ಆಯ್ಕೆ. ಮೂರನೆಯದರಲ್ಲಿ ಮೊದಲ ಎರಡು ಬಿಟ್ ಯಾವಾಗಲೂ 10.

ಮುಂದೆ ಏನು ಬರುತ್ತದೆ ಎಂದು ಕೇಳುವವನಿಗೆ ಮೊದಲೇ ಗೊತ್ತಿದ್ದರೆ, ಅದನ್ನು ಹೇಳಿ ಏನು ತಿಳಿಸಿದ ಹಾಗಾಯಿತು? ಏನೂ ಇಲ್ಲ. ಮೊದಲ ಬೈಟಿನಲ್ಲಿರುವ ಮಾಹಿತಿ 0 ಬಿಟ್. ಎರಡನೆಯದರಲ್ಲಿ ಹೆಚ್ಚೆಂದರೆ 1. ಮೂರನೆಯದರಲ್ಲಿ 6. ಒಟ್ಟು 7. ನೀವು 24 ಬಿಟ್ ಕೂಗಿ 7 ಬಿಟ್‌ನಷ್ಟು ಹೇಳುತ್ತಿದ್ದೀರಿ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟಿರುವುದು 128 ಜಾಗ, ಅದಕ್ಕೆ 7 ಬಿಟ್ ಸಾಕು. ಖಾಲಿ ಜಾಗದ ಚಿಹ್ನೆಯನ್ನು ಅಲ್ಲಿ ಬಳಸದೇ ಬಿಟ್ಟಿರುವ ಒಂದು ಮನೆಯಲ್ಲಿ ಕೂರಿಸಿ. 224 ಬಿಟ್ ಇದ್ದದ್ದು 70 ಆಗುತ್ತದೆ.

ಇದೇ ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಹೇಳಿದ ಮೊದಲ ಮಾತು. ಅಲ್ಲಿನ ಫೋನ್ ಕಂಪನಿಯ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಪತ್ರಿಕೆಯಲ್ಲಿ ಜುಲೈ ಮತ್ತು ಅಕ್ಟೋಬರ್ ಸಂಚಿಕೆಗಳಲ್ಲಿ ಎರಡು ಕಂತಾಗಿ ಬಂದ ಲೇಖನ. ಬಿಟ್ ಎಂಬ ಪದ ಅಚ್ಚಾಗಿದ್ದೂ ಅಲ್ಲೇ, ಆ ಹೆಸರು ಸೂಚಿಸಿದ್ದು ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಎಂದು ಶಾನನ್ ಅದರಲ್ಲೇ ಬರೆದಿದ್ದಾರೆ. ಮಾಹಿತಿ ಅಂದರೆ ಅಚ್ಚರಿಯ ಅಳತೆ. ಊಹಿಸಬಹುದಾದದ್ದಕ್ಕೆ ತೂಕ ಇಲ್ಲ.

ನಮ್ಮ ಭಾಷೆಯಲ್ಲೇ ನೋಡಿ. ಯಾರೋ "ಹೋಗುತ್ತಿದ್ದೇ" ಅಂತ ಬರೆದು ನಿಲ್ಲಿಸಿದರು. ಮುಂದೆ ಬರುವುದು ಹೆಚ್ಚುಕಡಿಮೆ "ನೆ" ಅಥವಾ "ವೆ". ಇಡೀ ಅಕ್ಷರಮಾಲೆ ಇದ್ದರೂ ಅಲ್ಲಿ ಉಳಿದಿರುವ ಅಚ್ಚರಿ ಒಂದೇ ಬಿಟ್. ಶಾನನ್ 1951ರಲ್ಲಿ ಜನರಿಂದ ಮುಂದಿನ ಅಕ್ಷರ ಊಹಿಸುವ ಆಟ ಆಡಿಸಿ ಇಂಗ್ಲಿಷನ್ನು ಹೀಗೇ ಅಳೆದರು. ಒಂದು ಅಕ್ಷರಕ್ಕೆ 0.6ರಿಂದ 1.3 ಬಿಟ್ ಅಷ್ಟೇ ಎಂದು ಬಂತು.

ಪ್ರಶ್ನಾರ್ಥಕ

ನಾನು ಈ ವಿಷಯಕ್ಕೆ ಹೊಸಬ. ಒಂದು ಗೊಂದಲ ಇದೆ. ಎಂಟನೇಬಿಟ್ ಅವರು ಹೆಚ್ಚುವರಿ ಬಿಟ್ ಎಲ್ಲ ಕಿತ್ತು ಹಾಕಿ ಅನ್ನುತ್ತಾರೆ. ಆದರೆ ಗದ್ದಲದಲ್ಲಿ ಮಾತು ಉಳಿಯುವುದೇ ಆ ಹೆಚ್ಚುವರಿಯಿಂದ ಅಲ್ವಾ? ಯಾರಾದರೂ "ಹೋಗುತ್ತಿ...ನೆ" ಅಂದಾಗ ನಡುವೆ ಒಂದು ಅಕ್ಷರ ಕೇಳದಿದ್ದರೂ ನನಗೆ ಅರ್ಥವಾಗುತ್ತದೆ. 70 ಬಿಟ್‌ಗೆ ಇಳಿಸಿದ ಮೇಲೆ ಒಂದು ಬಿಟ್ ಕೆಟ್ಟರೂ ಅಕ್ಷರವೇ ಬದಲಾಗುತ್ತದೆ. ತೆಗೆಯಬೇಕೋ, ಸೇರಿಸಬೇಕೋ?

ಎಂಟನೇಬಿಟ್

ಎರಡೂ. ಮೊದಲು ತೆಗೆಯಬೇಕು, ಆಮೇಲೆ ಸೇರಿಸಬೇಕು.

ಯುಟಿಎಫ್-8ರ ಆ ಮೊದಲ ಬೈಟ್ ಹೆಚ್ಚುವರಿಯೇ. ಆದರೆ ಅದು ನಿಮಗೆ ಯಾವ ಸಹಾಯವನ್ನೂ ಮಾಡುವುದಿಲ್ಲ. ಮೂರನೇ ಬೈಟ್ ಕೆಟ್ಟಾಗ ಮೊದಲ ಬೈಟ್ ನೋಡಿ ಅದನ್ನು ಸರಿ ಮಾಡಲು ಆಗುತ್ತದಾ? ಆಗುವುದಿಲ್ಲ. ದಂಡದ ಭಾರ ಅದು. ಅದನ್ನು ಇಳಿಸಿ, ಉಳಿದ ಸಮಯದಲ್ಲಿ ಲೆಕ್ಕ ಹಾಕಿ ಹೆಣೆದ ಕಾವಲು ಬಿಟ್‌ಗಳನ್ನು ಸೇರಿಸಿ. ಅವು ಪ್ರತಿಯೊಂದೂ ಹಲವು ಬಿಟ್‌ಗಳ ಮೇಲೆ ಕಣ್ಣಿಟ್ಟಿರುತ್ತವೆ. ಹಿಂಡುವ ಕೆಲಸ ಬೇರೆ, ಕಾಯುವ ಕೆಲಸ ಬೇರೆ. ಎರಡನ್ನೂ ಬೇರೆಬೇರೆಯಾಗಿ ಮಾಡಿದರೂ ನಷ್ಟವಿಲ್ಲ ಎಂದು ತೋರಿಸಿದ್ದು ಶಾನನ್ ಅವರ ದೊಡ್ಡ ಕೊಡುಗೆ.

ಲಘುಗುರು

ನಾನು ಎಂಜಿನಿಯರ್ ಅಲ್ಲ, ಛಂದಸ್ಸು ಓದಿದವನು. ಆದರೂ ಈ ಮಾತು ಓದಿ ಸುಮ್ಮನಿರಲು ಆಗಲಿಲ್ಲ.

ಬರವಣಿಗೆಯ ನೆರವಿಲ್ಲದೆ ವೇದವನ್ನು ಕಿವಿಯಿಂದ ಕಿವಿಗೆ ದಾಟಿಸಿದವರು ಮಾಡಿದ್ದೂ ಇದೇ ಅಲ್ವಾ? ಪದಗಳನ್ನು 1, 2, 3 ಎಂದುಕೊಳ್ಳಿ. ಕ್ರಮ ಪಾಠದಲ್ಲಿ 12, 23, 34 ಎಂದು ಹೇಳುತ್ತಾರೆ. ಜಟೆಯಲ್ಲಿ 12 21 12, ಆಮೇಲೆ 23 32 23. ಘನದಲ್ಲಿ 12 21 123 321 123, ಆಮೇಲೆ ಒಂದು ಪದ ಮುಂದೆ ಸರಿದು ಮತ್ತೆ ಅದೇ. ಎಣಿಸಿ ನೋಡಿದೆ, ನಡುವಿನ ಪದ ಒಂದೊಂದೂ 13 ಬಾರಿ ಬರುತ್ತದೆ. ಸುಮ್ಮನೆ 13 ಬಾರಿ ಒಂದೇ ಪದ ಹೇಳುವುದಲ್ಲ. ಪ್ರತಿ ಸಲ ನೆರೆಯ ಪದ ಬೇರೆ, ಕ್ರಮ ಬೇರೆ, ಸಂಧಿ ಬೇರೆ. ಒಂದು ಕಡೆ ನಾಲಿಗೆ ತಪ್ಪಿದರೆ ಇನ್ನೊಂದು ಕಡೆ ಅದು ಹೊಂದುವುದಿಲ್ಲ.

ಇನ್ನು ನಾವೆಲ್ಲ ಗಣ ಕಲಿಯಲು ಬಾಯಿಪಾಠ ಮಾಡಿದ "ಯಮಾತಾರಾಜಭಾನಸಲಗಂ". ಹತ್ತೇ ಅಕ್ಷರ. ಲಘುವನ್ನು 0, ಗುರುವನ್ನು 1 ಎಂದು ಬರೆದರೆ 0111010001. ಇದರಲ್ಲಿ ಎಲ್ಲಿಂದ ಶುರು ಮಾಡಿ ಮೂರು ಅಕ್ಷರ ತೆಗೆದುಕೊಂಡರೂ ಬೇರೆಬೇರೆ ಗಣ. ಎಂಟು ಗಣಗಳೂ ಒಂದೊಂದೇ ಸಲ ಬಂದು ಹೋಗುತ್ತವೆ. ಬಿಡಿಬಿಡಿಯಾಗಿ ಬರೆದರೆ 24 ಅಕ್ಷರ ಬೇಕಿತ್ತು.

ಹಳೆಮೋಡೆಮ್

@ಲಘುಗುರು, ಆ ಹತ್ತು ಅಕ್ಷರದ ಸಾಲಿಗೆ ಇಂದಿನ ಗಣಿತದಲ್ಲಿ ಡಿ ಬ್ರೌನ್ ಸರಣಿ ಎಂಬ ಹೆಸರಿದೆ. ಯಾವುದೇ ಮೂರು ಅಕ್ಷರ ಕೇಳಿದರೂ ಸಾಲಿನಲ್ಲಿ ಎಲ್ಲಿದ್ದೇವೆ ಎಂದು ತಿಳಿಯುತ್ತದೆ. ಸಂದೇಶ ಎಲ್ಲಿಂದ ಶುರುವಾಯಿತು ಎಂದು ಹೊಂದಿಸಿಕೊಳ್ಳಲು ಇಂಥ ಗುಣ ಇರುವ ಸರಣಿಗಳು ತುಂಬ ಉಪಯೋಗಕ್ಕೆ ಬರುತ್ತವೆ.

ಕಾಡುದಾರಿ

ಕಾಂಗೋದ ಕೆಲೆ ಭಾಷೆಯ ಮಾತಾಡುವ ಡ್ರಮ್‌ಗಳನ್ನೂ ಇಲ್ಲಿ ನೆನೆಯಬೇಕು. ಆ ಭಾಷೆಯಲ್ಲಿ ಸ್ವರದ ಏರಿಳಿತವೇ ಅರ್ಥ ಬದಲಿಸುತ್ತದೆ. ಡ್ರಮ್ಮಿಗೆ ಇರುವುದು ಎರಡೇ ಸದ್ದು, ಒಂದು ಎತ್ತರದ್ದು, ಒಂದು ತಗ್ಗಿನದು. ವ್ಯಂಜನ ಇಲ್ಲ, ಸ್ವರಾಕ್ಷರ ಇಲ್ಲ. ಹಾಗಾದಾಗ ಚಂದ್ರನಿಗೂ ಕೋಳಿಗೂ ಒಂದೇ ಬಡಿತ ಬರುತ್ತದೆ, ಎತ್ತರ ಎತ್ತರ. ಇಂಗ್ಲಿಷ್ ಮಿಷನರಿ ಜಾನ್ ಕ್ಯಾರಿಂಗ್ಟನ್ ಅಲ್ಲಿ ವರ್ಷಗಟ್ಟಲೆ ಇದ್ದು ಇದನ್ನು ಕಲಿತರು. ಡ್ರಮ್ ಬಡಿಯುವವರು "ಚಂದ್ರ" ಎಂದಷ್ಟೇ ಹೇಳುವುದಿಲ್ಲ, "ಭೂಮಿಯನ್ನು ಕೆಳಗೆ ನೋಡುವ ಚಂದ್ರ" ಎಂಬ ಇಡೀ ಪದಗುಚ್ಛ ಬಡಿಯುತ್ತಾರೆ. ಉದ್ದವೇ ಗುರುತು. ಹೊರಗಿನವರಿಗೆ ಅದು ಬರೀ ಅಲಂಕಾರ ಅನ್ನಿಸಿತ್ತು.

ಕಳೆದುಹೋದ ಮಾಹಿತಿಯನ್ನು ಹೀಗೆ ಉದ್ದದಿಂದ ವಾಪಸ್ ಪಡೆದವರಿಗೆ ಯಾವ ಸೂತ್ರವೂ ಗೊತ್ತಿರಲಿಲ್ಲ. ಕಿವಿ ಮತ್ತು ಅನುಭವ ಇತ್ತು. ನನಗೆ ಈ ವಿಷಯದಲ್ಲಿ ಅತಿ ಪ್ರಿಯವಾದದ್ದು ಇದೇ.

ಸದ್ದುಗಾರ

ಎಲ್ಲರಿಗೂ ಧನ್ಯವಾದ. ಎರಡು ದಿನ ಕೂತು ಬದಲಾಯಿಸಿದೆ. 7 ಬಿಟ್‌ಗೆ ಇಳಿಸಿದೆ. ಬಿಟ್ ಒಂದಕ್ಕೆ 40 ಮಿಲಿಸೆಕೆಂಡ್ ಮಾಡಿದೆ. ವಾಲ್ಯೂಮ್ ಅರ್ಧಕ್ಕೆ ಇಳಿಸಿದೆ. ಪ್ರತಿ ಬಿಟ್ಟನ್ನೂ ಮೂರು ಸಲ ಕಳಿಸಿ, ಬಹುಮತ ಯಾವ ಕಡೆಗೋ ಅದನ್ನು ತೆಗೆದುಕೊಂಡೆ.

ಮೂರು ಮೀಟರ್ ದೂರದಲ್ಲಿ ಈಗ ಬಹುತೇಕ ಸರಿ. ಆದರೆ ಎಂಟೂವರೆ ಸೆಕೆಂಡ್ ಹಿಡಿಯುತ್ತಿದೆ. ಅಷ್ಟಾದರೂ ನಡುವೆ ಬಾಗಿಲು ಬಡಿದುಕೊಂಡರೆ ಮೂರು ಪ್ರತಿಯೂ ಒಟ್ಟಿಗೇ ಹೋಗುತ್ತವೆ. ಐದು ಸಲ ಕಳಿಸಬೇಕಾ? ಏಳು?

ಎಂಟನೇಬಿಟ್

ಬೇಡ. ಆ ದಾರಿಯಲ್ಲಿ ಹೋದರೆ ಕೊನೆಯೇ ಇಲ್ಲ. ಹತ್ತು ಬಿಟ್‌ಗೆ ಒಂದು ತಪ್ಪುತ್ತದೆ ಅಂದುಕೊಳ್ಳಿ. ಮೂರು ಸಲ ಕಳಿಸಿದರೆ ತಪ್ಪು 100ಕ್ಕೆ 3ರ ಹತ್ತಿರ ಬರುತ್ತದೆ. ವೇಗ ಮೂರನೇ ಒಂದಾಯಿತು, ತಪ್ಪು ಹೋಗಲಿಲ್ಲ. ತಪ್ಪು ಸೊನ್ನೆಯ ಹತ್ತಿರ ಹೋಗಬೇಕಾದರೆ ವೇಗವೂ ಸೊನ್ನೆಯ ಹತ್ತಿರ ಹೋಗಬೇಕು ಎಂದೇ 1948ರ ತನಕ ನಂಬಿದ್ದರು. ಹಾಗೇನಿಲ್ಲ ಎಂದು ಶಾನನ್ ತೋರಿಸಿದರು. ಸಂದೇಶ ಸಾಗುವ ಪ್ರತಿ ದಾರಿಗೂ ಒಂದು ವೇಗದ ಮಿತಿ ಇದೆ. ಆ ಮಿತಿಯ ಕೆಳಗಿನ ಯಾವ ವೇಗದಲ್ಲಾದರೂ ತಪ್ಪನ್ನು ನಿಮಗೆ ಬೇಕಾದಷ್ಟು ಕಡಿಮೆ ಮಾಡಬಹುದು. ವೇಗ ಇನ್ನಷ್ಟು ಇಳಿಸಬೇಕಾಗಿಲ್ಲ. ಸಂಕೇತವನ್ನು, ಅಂದರೆ ಸಂದೇಶದ ಬಿಟ್‌ಗಳ ಜೊತೆ ಕಾವಲು ಬಿಟ್ ಸೇರಿಸುವ ಕ್ರಮವನ್ನು, ಉದ್ದವಾಗಿ, ಜಾಣತನದಿಂದ ಹೆಣೆಯಬೇಕು.

ಹೆಣೆಯುವುದು ಹೇಗೆ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಅಂಥ ಸಂಕೇತ ಇದ್ದೇ ಇದೆ ಎಂದು ಸಾಧಿಸಿ ಬಿಟ್ಟರು. ಹುಡುಕುವ ಕೆಲಸ ಮುಂದಿನವರಿಗೆ ಬಂತು. ಅದೇ ಬೆಲ್ ಲ್ಯಾಬ್ಸ್‌ನಲ್ಲಿದ್ದ ರಿಚರ್ಡ್ ಹ್ಯಾಮಿಂಗ್ ವಾರಾಂತ್ಯಕ್ಕೆ ಯಂತ್ರಕ್ಕೆ ಲೆಕ್ಕ ಕೊಟ್ಟು ಹೋಗುತ್ತಿದ್ದರು. ಯಂತ್ರ ತಪ್ಪು ಕಂಡ ಕೂಡಲೇ ಆ ಲೆಕ್ಕವನ್ನು ಕೈಬಿಡುತ್ತಿತ್ತು. ತಪ್ಪಾಗಿದೆ ಎಂದು ಗೊತ್ತಾಗುವುದಾದರೆ ಎಲ್ಲಿ ತಪ್ಪಾಗಿದೆ ಎಂದೂ ಯಾಕೆ ಗೊತ್ತಾಗಬಾರದು ಎಂಬ ಹಟದಿಂದ 1950ರಲ್ಲಿ ಅವರ ಸಂಕೇತ ಬಂತು. 4 ಬಿಟ್‌ಗೆ 3 ಕಾವಲು. ಏಳರಲ್ಲಿ ಯಾವುದೇ ಒಂದು ಕೆಟ್ಟರೂ ಸರಿ ಮಾಡಬಹುದು.

ನಿಮ್ಮ ಬಾಗಿಲಿಗೆ ಅದು ಸಾಲದು. ಅದು ಒಂದೇ ಕಡೆ ಸಾಲಾಗಿ ಕೆಡಿಸುತ್ತದೆ. ಅದಕ್ಕೆ 1960ರಲ್ಲಿ ಬಂದ ರೀಡ್-ಸಾಲೊಮನ್ ಸಂಕೇತ ಬೇಕು. ಅದು ಬಿಟ್ ಲೆಕ್ಕದಲ್ಲಿ ಯೋಚಿಸುವುದಿಲ್ಲ, ಬಿಟ್‌ಗಳ ಗುಂಪನ್ನು ಒಂದು ಚಿಹ್ನೆ ಎಂದು ನೋಡುತ್ತದೆ. ಗುಂಪಿನಲ್ಲಿ ಒಂದು ಬಿಟ್ ಕೆಡಲಿ, ಎಲ್ಲವೂ ಕೆಡಲಿ, ಅದಕ್ಕೆ ಒಂದೇ ತಪ್ಪು. 1982ರಲ್ಲಿ ಮಾರುಕಟ್ಟೆಗೆ ಬಂದ ಆಡಿಯೋ ಸಿಡಿಯಲ್ಲಿ ಇದೇ ಇದೆ. ಸಾಲದ್ದಕ್ಕೆ ಅಕ್ಕಪಕ್ಕದ ಚಿಹ್ನೆಗಳನ್ನು ದೂರದೂರ ಚದುರಿಸಿ ಬರೆದಿರುತ್ತಾರೆ. ಎರಡು ಮಿಲಿಮೀಟರ್ ಗೀರು ಬಿದ್ದರೂ ಹಾಡು ಮುಕ್ಕಾಗದೆ ಕೇಳುವುದು ಹೀಗೆ.

ಸಲಹೆ: ಎರಡರ ಬದಲು 16 ಸ್ವರ ಬಳಸಿ. ಒಂದು ಸ್ವರ ಅಂದರೆ 4 ಬಿಟ್. ಅದೇ ನಿಮ್ಮ ರೀಡ್-ಸಾಲೊಮನ್ ಚಿಹ್ನೆಯೂ ಆಗುತ್ತದೆ. ಜಾರ್ಜಿ ಗೆರ್ಗಾನೊವ್ ಬರೆದ ಜಿಜಿವೇವ್ ಎಂಬ ಮುಕ್ತ ತಂತ್ರಾಂಶವನ್ನೂ ನೋಡಿ. ಅದು ಒಂದೇ ಹೊತ್ತಿಗೆ ಆರು ಸ್ವರ ನುಡಿಸಿ ಮೂರು ಬೈಟ್ ಕಳಿಸುತ್ತದೆ, ಅದಕ್ಕೂ ರೀಡ್-ಸಾಲೊಮನ್ ಕಾವಲು. ವೇಗ ಸೆಕೆಂಡಿಗೆ 8ರಿಂದ 16 ಬೈಟ್ ಮಾತ್ರ.

ಪ್ರಶ್ನಾರ್ಥಕ

ಆ ಮಿತಿ ಎಷ್ಟು ಅಂತ ಮೂಲ ಪ್ರಶ್ನೆಯಲ್ಲೇ ಇತ್ತು. ಯಾರೂ ಸಂಖ್ಯೆ ಹೇಳಲಿಲ್ಲ.

ಹಳೆಮೋಡೆಮ್

ಸರಿ, ಲೆಕ್ಕ ಹಾಕೋಣ. ಶಾನನ್ ಸೂತ್ರದಲ್ಲಿ ಇರುವುದು ಎರಡೇ. ಬಳಸುವ ಫ್ರೀಕ್ವೆನ್ಸಿಗಳ ಅಗಲ ಎಷ್ಟು, ಮತ್ತು ಗದ್ದಲಕ್ಕಿಂತ ನಾವು ಕಳಿಸುವ ಸದ್ದಿನ ಶಕ್ತಿ ಎಷ್ಟು ಪಟ್ಟು. ಎಷ್ಟು ಪಟ್ಟು ಎಂಬ ಆ ಸಂಖ್ಯೆಗೆ ಒಂದು ಕೂಡಿಸಿ, ಎರಡರ ಬುಡದಲ್ಲಿ ಲಾಗರಿದಂ ತೆಗೆದು, ಅಗಲದಿಂದ ಗುಣಿಸಿ. ಮಿತಿ ಸಿಕ್ಕಿತು.

ಅಗಲ 5000 ಹರ್ಟ್ಸ್, ಕಳಿಸುವ ಸದ್ದಿನ ಶಕ್ತಿ ಗದ್ದಲದ 100 ಪಟ್ಟು ಎಂದುಕೊಳ್ಳಿ. ಉತ್ತರ ಸೆಕೆಂಡಿಗೆ ಸುಮಾರು 33,000 ಬಿಟ್. ಈಗ ಶಕ್ತಿಯನ್ನು ದುಪ್ಪಟ್ಟು ಮಾಡಿ, 200 ಪಟ್ಟು. ಉತ್ತರ ಸುಮಾರು 38,000. ಎರಡರಷ್ಟು ಕೂಗಿದ್ದಕ್ಕೆ ಸಿಕ್ಕಿದ್ದು ಆರನೇ ಒಂದು ಭಾಗದಷ್ಟೂ ಇಲ್ಲ. ವಾಲ್ಯೂಮ್ ಪ್ರಶ್ನೆಗೆ ಇದು ಇನ್ನೊಂದು ಉತ್ತರ.

ನನ್ನನ್ನು ಬೆರಗುಗೊಳಿಸುವುದು ಇದರ ಇನ್ನೊಂದು ತುದಿ. ಕಳಿಸುವ ಸದ್ದು ಗದ್ದಲದ ಹತ್ತನೇ ಒಂದು ಭಾಗ ಮಾತ್ರ ಇರಲಿ. ಗದ್ದಲದಲ್ಲಿ ಪೂರ್ತಿ ಮುಳುಗಿದೆ, ಕಿವಿಗೆ ಕೇಳುವುದೇ ಕಷ್ಟ. ಆಗಲೂ ಮಿತಿ ಸೊನ್ನೆಯಲ್ಲ. ಸುಮಾರು 690 ಬಿಟ್! ಪಿಸುಮಾತಿಗೂ ಜಾಗ ಇದೆ, ತಾಳ್ಮೆ ಇದ್ದರೆ.

ನಿಮ್ಮ ಕೋಣೆಯಲ್ಲಿ 33,000 ಸಿಗುವುದಿಲ್ಲ. ಸೂತ್ರ ಹಿಡಿಯುವುದು ಒಂದೇ ಸಮನೆಯ ಗದ್ದಲವನ್ನು. ಮಾರ್ದನಿಗೆ ಬೇರೆ ಚಿಕಿತ್ಸೆ ಬೇಕು.

ಫೋನ್ ತಂತಿಯಲ್ಲಿ ಇಂಟರ್ನೆಟ್ ತರುತ್ತಿದ್ದ ಹಳೆ ಡಯಲಪ್ ಮೋಡೆಮ್‌ನ ಕಿರುಚಾಟ ನೆನಪಿದೆಯಾ? ಅದನ್ನು ಎಲ್ಲರೂ ಬರೀ ಕರ್ಕಶ ಸದ್ದು ಎಂದುಕೊಂಡಿದ್ದರು. ಅದು ಆ ಚಿಕಿತ್ಸೆಯ ಸದ್ದು. ಮೊದಲು ಬರುವ ಉದ್ದನೆಯ 2100 ಹರ್ಟ್ಸ್ ಸ್ವರ, ದಾರಿಯಲ್ಲಿರುವ ಮಾರ್ದನಿ ತಡೆಯುವ ಯಂತ್ರಗಳಿಗೆ ಸುಮ್ಮನಿರಿ ಎಂದು ಹೇಳುವುದು. ಆಮೇಲೆ ಹಲವು ಸ್ವರ ಒಟ್ಟಿಗೆ ಬಿಟ್ಟು ತಂತಿ ಯಾವುದನ್ನು ಎಷ್ಟು ಕುಗ್ಗಿಸುತ್ತದೆ ಎಂದು ಅಳೆಯುವುದು. ಕೊನೆಯ ಹಿಸ್ಸೆನ್ನುವ ಭಾಗದಲ್ಲಿ ಎರಡೂ ಕಡೆಯವರು ಆ ತಂತಿಯ ಊನಗಳನ್ನು ಕಲಿತು ತಿದ್ದಿಕೊಳ್ಳುತ್ತಾರೆ. ಆ ಕಿರುಚಾಟ ಮುಗಿದ ಮೇಲೆ ಬಂದ ನಿಶ್ಶಬ್ದ ನನಗೆ ಇವತ್ತಿಗೂ ರೋಮಾಂಚನ. ಇಬ್ಬರು ಅಪರಿಚಿತರು ಒಬ್ಬರನ್ನೊಬ್ಬರು ಅರ್ಥ ಮಾಡಿಕೊಂಡರು ಅನ್ನಿಸುತ್ತಿತ್ತು.

1962ರ ಬೆಲ್ 103 ಮೋಡೆಮ್ ಸೆಕೆಂಡಿಗೆ 300 ಬಿಟ್. 1990ರ ದಶಕದ ನಡುವೆ 33,600. ಸುಮಾರು 3100 ಹರ್ಟ್ಸ್ ಅಗಲದ ಅದೇ ಫೋನ್ ತಂತಿ.

ಕಾಡುದಾರಿ

ಆದರೆ ಆಮೇಲೆ ಸೆಕೆಂಡಿಗೆ 56 ಸಾವಿರ ಬಿಟ್‌ನ 56ಕೆ ಮೋಡೆಮ್ ಬಂತಲ್ಲ? ಅದು ಶಾನನ್ ಮಿತಿಯನ್ನು ಮೀರಿತು ಎಂದು ಓದಿದ ನೆನಪು.

ಹಳೆಮೋಡೆಮ್

ಮೀರಲಿಲ್ಲ. ದಾರಿಯೇ ಬದಲಾಯಿತು. ಆ ಹೊತ್ತಿಗೆ ಇಂಟರ್ನೆಟ್ ಕೊಡುವವರ ಕಡೆಯಿಂದ ನಿಮ್ಮ ಹತ್ತಿರದ ಎಕ್ಸ್‌ಚೇಂಜ್ ತನಕ ಎಲ್ಲವೂ ಡಿಜಿಟಲ್ ಆಗಿತ್ತು. ಸದ್ದನ್ನು ಅಂಕಿಯಾಗಿ ಬದಲಿಸುವಾಗ ಸೇರುತ್ತಿದ್ದ ಗದ್ದಲ ಆ ದಿಕ್ಕಿನಲ್ಲಿ ಇಲ್ಲವಾಯಿತು. ಹಾಗಾಗಿ ಇಳಿಕೆಗೆ (ಡೌನ್‌ಲೋಡ್‌ಗೆ) ಮಾತ್ರ 56 ಸಾವಿರ. ಏರಿಕೆ (ಅಪ್‌ಲೋಡ್) ಹಳೆಯ ವೇಗದಲ್ಲೇ ಇತ್ತು. ಗದ್ದಲ ಕಡಿಮೆಯಾದರೆ ಮಿತಿ ಏರುತ್ತದೆ, ಸೂತ್ರ ಹೇಳುವುದೂ ಅದನ್ನೇ.

ಮಿತಿಯ ಹತ್ತಿರ ನಿಜವಾಗಿ ತಲುಪಲು 45 ವರ್ಷ ಬೇಕಾಯಿತು. 1993ರಲ್ಲಿ ಕ್ಲೋಡ್ ಬೆರೂ ಮತ್ತು ಸಂಗಡಿಗರು ಟರ್ಬೊ ಸಂಕೇತ ಮಂಡಿಸಿದಾಗ ಹಲವರು ನಂಬಲಿಲ್ಲ. ರಾಬರ್ಟ್ ಗ್ಯಾಲಗರ್ 1960ರ ಸುಮಾರಿಗೇ ಕಂಡುಹಿಡಿದು, ಆಗಿನ ಕಂಪ್ಯೂಟರ್‌ಗಳಿಗೆ ಭಾರವಾಯಿತೆಂದು ಮರೆತುಹೋಗಿದ್ದ ಎಲ್‌ಡಿಪಿಸಿ ಸಂಕೇತವೂ 1990ರ ದಶಕದಲ್ಲಿ ಮತ್ತೆ ಎದ್ದು ಬಂತು. ಇಂದಿನ 5ಜಿ ಫೋನಿನಲ್ಲಿ ಓಡುತ್ತಿರುವುದು ಅದೇ.

ಆಳಸಮುದ್ರ

ಗಾಳಿಯಲ್ಲಿ ಸದ್ದು ಬಳಸುವುದು ಆಯ್ಕೆ. ನೀರೊಳಗೆ ಅದು ಅನಿವಾರ್ಯ. ರೇಡಿಯೋ ಅಲೆಗಳನ್ನು ಉಪ್ಪುನೀರು ಬೇಗನೆ ನುಂಗಿಬಿಡುತ್ತದೆ. ಸದ್ದು ಮಾತ್ರ ದೂರ ಹೋಗುತ್ತದೆ, ಅದೂ ಸೆಕೆಂಡಿಗೆ ಸುಮಾರು 1500 ಮೀಟರ್ ವೇಗದಲ್ಲಿ. ನಿಮ್ಮ ಗೋಡೆಗಳ ಬದಲು ನಮಗೆ ಮೇಲೆ ಅಲೆಯಾಡುವ ನೀರಿನ ಮೈ, ಕೆಳಗೆ ತಳ. ಮೇಲಿನ ಗೋಡೆ ಸದಾ ಅಲುಗಾಡುತ್ತಲೇ ಇರುತ್ತದೆ. ಮಾರ್ದನಿಯನ್ನು ಒಮ್ಮೆ ಅಳೆದು ತಿದ್ದಿಕೊಂಡರೆ ಸಾಲದು, ಮರುಕ್ಷಣವೇ ಅದು ಬೇರೆ.

ಇನ್ನೊಂದು ಕಷ್ಟ ಡಾಪ್ಲರ್, ಅಂದರೆ ಕಳಿಸುವವನೋ ಕೇಳುವವನೋ ಚಲಿಸಿದರೆ ಸ್ವರವೇ ಬದಲಾಗುವುದು. ರೇಡಿಯೋ ಅಲೆ ಸದ್ದಿಗಿಂತ ಸುಮಾರು ಎರಡು ಲಕ್ಷ ಪಟ್ಟು ವೇಗ. ಹಾಗಾಗಿ ನಿಧಾನಕ್ಕೆ ತೇಲುವ ಯಂತ್ರವೂ ನಮ್ಮ ಸ್ವರಗಳನ್ನು ಎಳೆದು ಕುಗ್ಗಿಸುತ್ತದೆ. ನ್ಯಾಟೊ 2017ರಲ್ಲಿ ಒಪ್ಪಿದ ಜೇನಸ್ ಎಂಬ ಮಾನಕ 11,520 ಹರ್ಟ್ಸ್ ಸುತ್ತ ಕೆಲಸ ಮಾಡುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುವುದು ಅದರ ರೀತಿ. ಹಿಂದಿನ ಸ್ವರದ ಮಾರ್ದನಿ ಬರುವಾಗ ನೀವು ಆ ಸ್ವರದಲ್ಲಿ ಇರುವುದೇ ಇಲ್ಲ. ಸದ್ದುಗಾರರೇ, ಇದನ್ನು ನೀವೂ ಮಾಡಬಹುದು.

ಲಘುಗುರು

ನನಗೆ ಒಂದು ಅಸಮಾಧಾನ ಇದೆ, ಹೇಳಿಬಿಡುತ್ತೇನೆ. ಇಷ್ಟೆಲ್ಲ ಲೆಕ್ಕದಲ್ಲಿ ಅರ್ಥ ಎಲ್ಲಿದೆ? "ನಾಳೆ ಸಿಗೋಣ" ಅನ್ನುವುದಕ್ಕೂ ಹಾಗೇ ಜೋಡಿಸಿದ ಹತ್ತು ಚಿಹ್ನೆಗೂ ಒಂದೇ 70 ಬಿಟ್. ಕಾಯುವವರಿಗೆ ಅವೆರಡೂ ಒಂದೇ ಅಲ್ಲ.

ಎಂಟನೇಬಿಟ್

ಅಲ್ಲ, ಖಂಡಿತ ಅಲ್ಲ. ಶಾನನ್ ಅದನ್ನು 1948ರ ಲೇಖನದ ಮೊದಲ ಪುಟದಲ್ಲೇ ಬಿಡಿಸಿ ಹೇಳಿದ್ದಾರೆ: ಅರ್ಥ ಈ ಎಂಜಿನಿಯರಿಂಗ್ ಪ್ರಶ್ನೆಯ ಭಾಗವಲ್ಲ. ಅದನ್ನು ಬದಿಗಿಟ್ಟಿದ್ದರಿಂದಲೇ ಹಾಡು, ಚಿತ್ರ, ಮಾತು, ಪತ್ರ ಎಲ್ಲವನ್ನೂ ಒಂದೇ ಅಳತೆಗೆ ತರಲು ಆಯಿತು. ಹೊತ್ತು ತರುವವನು ಪತ್ರ ಓದಬೇಕಾಗಿಲ್ಲ, ಕೆಡದಂತೆ ತಂದರೆ ಸಾಕು.

ಮಾತಿನ ಬಗ್ಗೆ ಒಂದು ಅಧ್ಯಯನ ನಿಮಗೆ ಇಷ್ಟವಾಗಬಹುದು. 2019ರಲ್ಲಿ ಪ್ರಕಟವಾದದ್ದು, 17 ಭಾಷೆಗಳನ್ನು ಅಳೆದರು. ಕನ್ನಡ ಅದರಲ್ಲಿ ಇರಲಿಲ್ಲ, ಇರಬೇಕಿತ್ತು. ಜಪಾನಿ ಭಾಷೆಯವರು ಸೆಕೆಂಡಿಗೆ ತುಂಬ ಉಚ್ಚಾರಾಂಶ ಆಡುತ್ತಾರೆ, ಒಂದೊಂದರಲ್ಲಿ ಮಾಹಿತಿ ಕಡಿಮೆ. ವಿಯೆಟ್ನಾಮಿ ಭಾಷೆಯವರು ನಿಧಾನ, ಒಂದೊಂದೂ ತುಂಬಿಕೊಂಡಿದೆ. ಕೂಡಿ ನೋಡಿದರೆ ಎಲ್ಲ ಭಾಷೆಗಳೂ ಸೆಕೆಂಡಿಗೆ 39 ಬಿಟ್ ಆಸುಪಾಸಿನಲ್ಲೇ ಬಂದವು. ಡಿಜಿಟಲ್ ಫೋನ್ ತಂತಿ ಅದೇ ಮಾತಿಗೆ ಸೆಕೆಂಡಿಗೆ 64,000 ಬಿಟ್ ಬಳಸುತ್ತದೆ. ನಡುವಿನ ಅಂತರದಲ್ಲಿ ದನಿ ಯಾರದ್ದು, ಅತ್ತಿದ್ದಾರಾ, ನಕ್ಕಿದ್ದಾರಾ, ಸುಸ್ತಾಗಿದ್ದಾರಾ ಎಲ್ಲವೂ ಇದೆ.

ಲಘುಗುರು

ಈ ಕೊನೆಯ ಸಾಲಿಗಾಗಿ ಕೈಮುಗಿದೆ. ಅಸಮಾಧಾನ ಪೂರ್ತಿ ಹೋಗಿಲ್ಲ, ಆದರೆ ಅದು ಎಲ್ಲಿ ಕೂತಿದೆ ಎಂದು ಈಗ ಗೊತ್ತಾಯಿತು.

ಸದ್ದುಗಾರ

ಬಂದೆ, ಫಲಿತಾಂಶದೊಂದಿಗೆ.

16 ಸ್ವರ, 2000ದಿಂದ 3500 ಹರ್ಟ್ಸ್ ತನಕ, ನಡುವೆ ನೂರು ನೂರು ಅಂತರ. ಅತಿ ತಗ್ಗಿನ ಸ್ವರದ ದುಪ್ಪಟ್ಟು 4000, ಹಾಗಾಗಿ ಯಾವುದರ ಮಡಿಕೆಯೂ ಇನ್ನೊಂದರ ಮೇಲೆ ಬೀಳುವುದಿಲ್ಲ. ಒಂದು ಸ್ವರಕ್ಕೆ 60 ಮಿಲಿಸೆಕೆಂಡ್. ಅದರಲ್ಲಿ ಮೊದಲ 20 ಮಿಲಿಸೆಕೆಂಡನ್ನು ಕೇಳುವುದೇ ಇಲ್ಲ, ಮಾರ್ದನಿ ಅಲ್ಲಿ ಕುಣಿದುಕೊಂಡಿರಲಿ.

70 ಬಿಟ್ ಅಂದರೆ 4 ಬಿಟ್‌ನ 18 ಚಿಹ್ನೆ. 9ರಂತೆ ಎರಡು ಕಂತು ಮಾಡಿದೆ. ಪ್ರತಿ ಕಂತಿಗೆ 6 ಕಾವಲು ಚಿಹ್ನೆ ಸೇರಿಸಿ 15. ಒಂದು ಕಂತಿನಲ್ಲಿ ಎಲ್ಲಾದರೂ 3 ಚಿಹ್ನೆ ಕೆಟ್ಟರೆ ಸರಿಯಾಗುತ್ತದೆ. ಎರಡೂ ಕಂತನ್ನು ಒಂದು ಬಿಟ್ಟು ಒಂದರಂತೆ ಹೆಣೆದು ಕಳಿಸಿದೆ. ಒಟ್ಟು 30 ಸ್ವರ, 1.8 ಸೆಕೆಂಡ್. ಶುರುವಿನ ಗುರುತಿಗೆ ತಗ್ಗಿನಿಂದ ಎತ್ತರಕ್ಕೆ ಜಾರುವ ಒಂದು ಸದ್ದು, 0.2 ಸೆಕೆಂಡ್. ಕೂಡಿದರೆ 2 ಸೆಕೆಂಡ್.

ಮೊದಲು ಯಾವ ಕಾವಲೂ ಇಲ್ಲದೆ ಎರಡೂಕಾಲು ಸೆಕೆಂಡ್ ಬೇಕಿತ್ತು! ಈಗ ಕಾವಲೂ ಇದೆ, ಬೇಗವೂ ಆಯಿತು.

ಮೂರು ಮೀಟರ್‌ನಲ್ಲಿ 20ಕ್ಕೆ 20 ಸಲ ಸರಿ. ನಡುವೆ ಬೇಕೆಂದೇ ಬಾಗಿಲು ಬಡಿದೆ. ಐದು ಸ್ವರ ಪೂರ್ತಿ ಹೋದವು, ಸಂದೇಶ ಹಾಗೇ ಬಂತು. ಆಮೇಲೆ ಉದ್ದನೆಯ ಕಾರಿಡಾರ್‌ನಲ್ಲಿ 11 ಮೀಟರ್ ದೂರ ಇಟ್ಟೆ. ಹತ್ತರಲ್ಲಿ ಎಂಟು ಸಲ ಸರಿ ಬಂತು. ಎರಡು ಸಲ ಬರಲಿಲ್ಲ.

ಆಳಸಮುದ್ರ

ಆ ಎರಡು ರೆಕಾರ್ಡಿಂಗ್ ಅಳಿಸಬೇಡಿ. ಸರಿ ಬಂದ ಎಂಟಕ್ಕಿಂತ ಅವೇ ಬೆಲೆಯುಳ್ಳವು. ಯಾವ ಚಿಹ್ನೆಗಳು ಕೆಟ್ಟಿವೆ ಎಂದು ನೋಡಿ. ಸಾಲಾಗಿ ಕೆಟ್ಟಿದ್ದರೆ ಯಾವುದೋ ಸದ್ದು ನಡುವೆ ಬಂದಿದೆ. ಅಲ್ಲಲ್ಲಿ ಚದುರಿ ಕೆಟ್ಟಿದ್ದರೆ, ಕೆಟ್ಟವೆಲ್ಲ ಒಂದೇ ಸ್ವರವೇ ಎಂದು ನೋಡಿ.

ಸದ್ದುಗಾರ

ನೋಡಿದೆ. ಎರಡರಲ್ಲೂ 2800, 2900, 3000 ಈ ಮೂರು ಸ್ವರಗಳೇ ಇಲ್ಲ! ಬೇರೆಲ್ಲ ಗಟ್ಟಿಯಾಗಿ ಇವೆ.

ಆಳಸಮುದ್ರ

ಹಾಗಾದರೆ ಮೈಕ್ ಇದ್ದ ಜಾಗದಲ್ಲಿ ನೇರ ಸದ್ದೂ ಗೋಡೆಯಿಂದ ಬಂದ ಸದ್ದೂ ಆ ಸ್ವರಗಳಲ್ಲಿ ಒಂದನ್ನೊಂದು ಅಳಿಸಿವೆ. 2900 ಹರ್ಟ್ಸ್ ಅಲೆಯ ಉದ್ದ 12 ಸೆಂಟಿಮೀಟರ್‌ಗೂ ಕಡಿಮೆ. ಮೈಕನ್ನು ನಾಲ್ಕು ಬೆರಳು ಆಚೆ ಸರಿಸಿದರೂ ಚಿತ್ರ ಬದಲಾಗುತ್ತದೆ. ಅದು ಆಗುವುದಿಲ್ಲ ಅಂದರೆ ಎರಡನೇ ಕಂತಿಗೆ ಸ್ವರಗಳ ಕ್ರಮವನ್ನೇ ಬದಲಿಸಿ. ಮೊದಲ ಕಂತಿನಲ್ಲಿ 2900 ಆಗಿದ್ದ ಚಿಹ್ನೆ ಎರಡನೆಯದರಲ್ಲಿ 2100 ಆಗಲಿ.

ಸದ್ದುಗಾರ

ಮೈಕ್ ನಾಲ್ಕು ಬೆರಳು ಸರಿಸಿದೆ. ಬಂತು. ಈಗ ಕ್ರಮ ಬದಲಿಸುವ ಕೋಡ್ ಬರೆಯಲು ಕೂರುತ್ತೇನೆ.